ರಾಣಿಪುರಂ ಬೆಟ್ಟಕ್ಕೆ ಎಂಥ ದಿಕ್ಸೂಚಿ ಒಯ್ಯಬೇಕು?

ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟದಲ್ಲಿ ಮಂಜು ಮುಸುಕಿದರೆ ನಂಬಬಹುದಾದ ದಿಕ್ಸೂಚಿ ಯಾವುದು ಅಂತ ಕೇಳಿದ್ದೀರಿ. ಒಳಗೆ ದ್ರವ ತುಂಬಿದ್ದನ್ನೇ ತಗೊಳ್ಳಿ. ಇಲ್ಲದಿದ್ದರೆ ಮುಳ್ಳು ಸುಮ್ನೆ ಓಲಾಡುತ್ತಲೇ ಇರುತ್ತದೆ.

ಅಂಗಡಿಯಲ್ಲೇ ಅಂಗೈ ಮೇಲೆ ಮಟ್ಟಸವಾಗಿ ಹಿಡಿದು ನೋಡಿ. ಕಬ್ಬಿಣದ ಬೀಗದ ಕೈಯನ್ನು ಹತ್ತಿರ ತನ್ನಿ, ಮುಳ್ಳು ಹೊರಳುತ್ತದೆ. ದೂರ ಸರಿಸಿ. ಮೊದಲಿದ್ದ ಗೆರೆಗೇ ಬಂದು ನಿಂತರೆ ಧೈರ್ಯವಾಗಿ ಕೊಳ್ಳಿ.

ಯುರೋಪಿಗೆಂದೇ ಮಾಡಿದ್ದು ಬೇಡ. ಅಲ್ಲಿ ಭೂಮಿಯ ಕಾಂತಸೆಳೆತಕ್ಕೆ ಮುಳ್ಳಿನ ಉತ್ತರದ ತುದಿ ಜಾಸ್ತಿ ಕೆಳಗೆ ಬಾಗುತ್ತದೆ, ಅದನ್ನು ಸರಿದೂಗಿಸಿಯೇ ಮಾಡಿರುತ್ತಾರೆ. ನಮ್ಮ ಕಾಸರಗೋಡು ಕಾಂತೀಯ ಸಮಭಾಜಕಕ್ಕೆ, ಅಂದರೆ ಮುಳ್ಳು ಯಾವ ಕಡೆಗೂ ಬಾಗದೆ ಮಟ್ಟಸವಾಗಿ ನಿಲ್ಲುವ ರೇಖೆಗೆ, ಹತ್ತಿರ ಅಲ್ವಾ, ಇಲ್ಲಿ ಅದೇ ಮುಳ್ಳು ಓರೆಯಾಗಿ ಗಾಜಿಗೆ ಉಜ್ಜಬಹುದು.

ಮೊಬೈಲ್ ಇಡುವ ಜೇಬಿನಲ್ಲಿ ಮಾತ್ರ ಇಡಲೇಬೇಡಿ. ಅದರ ಸ್ಪೀಕರಿನ ಅಯಸ್ಕಾಂತ ಮುಳ್ಳಿನ ಉತ್ತರವನ್ನೇ ದಕ್ಷಿಣ ಮಾಡಿಬಿಡಬಹುದು.