ಟ್ರಂಪೆಟ್ ಊದುವಾಗ ಹೊಟ್ಟೆ ಬಿಗಿಹಿಡಿಯಬೇಕೇ?

ಮೇಲಿನ ಸ್ವರಗಳಿಗೆ ಹೋದಂತೆ ಗಂಟಲು ಕಟ್ಟಿಕೊಂಡು ಟ್ರಂಪೆಟ್ಟಿನ ನಾದ ಕೀರಲಾಗುತ್ತದೆ, ಹೊಟ್ಟೆಯನ್ನು ಸೆಟೆಸಿ ಊದಲು ಹೇಳಿಕೊಟ್ಟಿದ್ದಾರೆ, ಅದು ಸರಿಯೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಬೇಡ. ನಿಮ್ಮ ತೊಂದರೆಯ ಮೂಲವೇ ಅದಿರಬಹುದು.

‘ವಪೆಯಿಂದ ತಳ್ಳು’ ಎಂದು ಅನೇಕರು ಕಲಿಸುತ್ತಾರೆ. ಆದರೆ ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರನ್ನು ಒಳಗೆಳೆಯುವ ಸ್ನಾಯು. ಉಸಿರು ಬಿಡುವಾಗ ಅದು ಸಡಿಲಗೊಂಡು ಮೇಲೇರಬೇಕು. ಹೊಟ್ಟೆಯನ್ನು ಬೇಕೆಂದೇ ಸೆಟೆಸಿದರೆ ಒಳಗೆಳೆಯುವ ಸ್ನಾಯುಗಳೂ ಹೊರದೂಡುವ ಸ್ನಾಯುಗಳೂ ಏಕಕಾಲಕ್ಕೆ ಬಿಗಿದು ಒಂದನ್ನೊಂದು ತಡೆಯುತ್ತವೆ. ಮೈಯೆಲ್ಲ ದಣಿಯುತ್ತದೆ, ತುಟಿಗೆ ಮಾತ್ರ ಗಾಳಿ ಸಾಲುವುದಿಲ್ಲ. ಟ್ರಂಪೆಟ್ಟಿನ ನಡುಸ್ಥಾಯಿಯ ಒಂದು ಸಾಧಾರಣ ಸ್ವರಕ್ಕೇ ತುಟಿಗಳು ಸೆಕೆಂಡಿಗೆ ಸುಮಾರು 350 ಸಲ ಕಂಪಿಸಬೇಕು. ಗಾಳಿ ಕುಗ್ಗಿದಾಗ ಆ ಕಂಪನವನ್ನು ಉಳಿಸಿಕೊಳ್ಳಲು ನಾವು ಮೌತ್‌ಪೀಸನ್ನು ತುಟಿಗೆ ಒತ್ತುತ್ತೇವೆ. ಒತ್ತಿದಷ್ಟೂ ನಾದ ಸೊರಗುತ್ತದೆ. ಮೇಲಿನ ಸ್ವರಗಳಿಗೆ ಗಾಳಿಯ ಒತ್ತಡ ಹೆಚ್ಚು ಬೇಕೆಂಬುದು ನಿಜ. ಆದರೆ ಅದಕ್ಕೆ ಬೇಕಾದಷ್ಟು ಬಲವನ್ನು ಹೊಟ್ಟೆ ತಾನಾಗಿಯೇ ಕೊಡುತ್ತದೆ.

ಈ ವಿಷಯದಲ್ಲಿ ನಾನು ಅತ್ಯಂತ ಗೌರವಿಸುವುದು ಆರ್ನಾಲ್ಡ್ ಜೇಕಬ್ಸ್ ಅವರನ್ನು. 1944ರಿಂದ 1988ರವರೆಗೆ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ನುಡಿಸಿದವರು. ಟ್ಯೂಬಾ ವಿಪರೀತ ಗಾಳಿ ಬೇಡುವ ವಾದ್ಯ, ಅವರಿಗಿದ್ದದ್ದೋ ಆಸ್ತಮಾ ಮತ್ತು ಸಾಮರ್ಥ್ಯ ಕುಗ್ಗಿದ ಶ್ವಾಸಕೋಶ. ಅಂಥವರು ಅಷ್ಟು ತುಂಬು ನಾದ ಹೊರಡಿಸಿದರು! ಸ್ನಾಯುಗಳನ್ನು ಆಳಲು ಹೋಗಬೇಡಿ, ಬೇಕಾದ ನಾದವನ್ನು ಮನಸ್ಸಿನಲ್ಲಿ ಹಾಡಿಕೊಂಡು ಗಾಳಿಯನ್ನು ಹರಿಯಬಿಡಿ ಎಂಬುದು ಅವರ ಪಾಠದ ತಿರುಳು. ಉಸಿರಾಟದ ರೂಢಿಯನ್ನು ವಾದ್ಯವಿಲ್ಲದೆ, ಆಸ್ಪತ್ರೆಗಳಲ್ಲಿ ಬಳಸುವಂಥ ಸಾಧನಗಳಿಂದಲೂ ಕಲಿಸುತ್ತಿದ್ದರು.

ನೀವು ಮೊದಲು ಗಮನಿಸಬೇಕಾದದ್ದು ಉಸಿರೆಳೆಯುವುದಕ್ಕೂ ಬಿಡುವುದಕ್ಕೂ ನಡುವಿನ ಗಳಿಗೆ. ಎಳೆದ ಉಸಿರನ್ನು ಅಲ್ಲಿ ಹಿಡಿದಿಟ್ಟುಕೊಂಡರೆ, ಭಾರ ಎತ್ತುವಾಗ ಆಗುವಂತೆ, ಗಂಟಲು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಗಂಟಲಿನಿಂದ ಆರಂಭವಾದ ಸ್ವರ ಕೊನೆಯವರೆಗೂ ಬಿಗಿಯಾಗಿಯೇ ಇರುತ್ತದೆ. ಆದ್ದರಿಂದ ಟ್ರಂಪೆಟ್ ಕೆಳಗಿಟ್ಟು, ಭುಜ ಇಳಿಬಿಟ್ಟು, ಬಾಯಿಯೊಳಗೆ ‘ಓ’ ಆಕಾರವಿಟ್ಟು ಸದ್ದಿಲ್ಲದೆ ಉಸಿರೆಳೆಯಿರಿ. ಉಸಿರು ತುಂಬಿದೊಡನೆ, ತಡೆಯದೆ, ಉಯ್ಯಾಲೆ ಮರಳುವಂತೆ ಹೊರಬಿಡಿ. ಇದು ಸಲೀಸಾದ ಮೇಲೆ ನಡುಸ್ಥಾಯಿಯ ಒಂದು ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಅದನ್ನೇ ಮೆಲ್ಲಗೆ, ದೀರ್ಘವಾಗಿ ನುಡಿಸಿ. ಅಲ್ಲಿಂದ ಒಂದೊಂದೇ ಸ್ವರ ಮೇಲೆ ಹೋಗಿ, ನಾದ ತೆಳುವಾದಲ್ಲಿ ನಿಂತು ಕೆಳಗಿಳಿಯಿರಿ. ಆ ಮಿತಿಯನ್ನು ಬಲವಂತದಿಂದ ದಾಟಬೇಡಿ. ತಲೆ ಹಗುರವಾದಂತೆ ಅನ್ನಿಸಿದರೆ ವಾದ್ಯ ಕೆಳಗಿಟ್ಟು ಕುಳಿತುಕೊಳ್ಳಿ, ಸಹಜವಾಗಿ ಉಸಿರಾಡಿ, ಆಮೇಲೆ ಮುಂದುವರಿಸಿ.