ಏಳು ತಿಂಗಳ ಪಾಪು, ರಾತ್ರಿಗೆ ಏಳು ಸಲ ಏಳೋದು

ಹೆಸರು, ಕೆಲಸ, ಮನೆ ವಿವರ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ. ತಾಯಿನ ಕಾವ್ಯ ಅಂತ ಕರೆಯೋಣ, ಮಗು ಮನೇಲಿ ಎಲ್ಲರ ಬಾಯಲ್ಲೂ ಪಾಪುನೇ. ಬೆಂಗಳೂರಿನ ವಿಜಯನಗರದಲ್ಲಿ ಎರಡು ರೂಮಿನ ಮನೆ, ಆಫೀಸು ವೈಟ್‌ಫೀಲ್ಡ್ ಕಡೆ, ನೇರಳೆ ಮೆಟ್ರೋದಲ್ಲಿ ಹೋಗ್ತಾ ಒಂದು ಗಂಟೆ ಮೇಲೆ ಬರ್ತಾ ಒಂದು ಗಂಟೆ ಮೇಲೆ. 26 ವಾರದ ಹೆರಿಗೆ ರಜೆ ಮುಗಿದು ಡ್ಯೂಟಿಗೆ ಹೋಗೋಕೆ ಶುರು ಮಾಡಿ ಒಂದು ತಿಂಗಳಾಗಿತ್ತು.

ಪಾಪು ನಿದ್ದೆ ಬಗ್ಗೆ ಸಲಹೆ ಕೇಳೋಕೆ ಅಂತ ನನ್ನ ಹತ್ರ ಬಂದಿದ್ರು, ಆದ್ರೆ ಕೂತ ತಕ್ಷಣ ಕೇಳಿದ್ದು ನಿದ್ದೆ ಬಗ್ಗೆ ಅಲ್ಲ. "ಮೇಡಂ, ನಂಗೆ ಹಾಲು ಕಮ್ಮಿ ಆಗೋಗಿದ್ಯಾ?"

ಈ ಮಾತು ಎಲ್ಲಿಂದ ಬಂತು ಅಂತ ಕೇಳ್ಬೇಕಾಗೇ ಇರ್ಲಿಲ್ಲ. ಪಾಪು ರಾತ್ರಿ 12ಕ್ಕೆ, ಒಂದೂವರೆಗೆ, ಎರಡೂವರೆಗೆ ಹೀಗೆ ಬೆಳಗಾಗೋಷ್ಟರಲ್ಲಿ ಏಳು ಸಲ ಏಳುತ್ತೆ, ಎದೆಗೆ ಹಾಕ್ಕೊಂಡ್ರೆ ಎರಡು ನಿಮಿಷ ಚೀಪಿ ಮತ್ತೆ ಮಲಗುತ್ತೆ, ಪಕ್ಕದ ರೂಮಿಂದ ಅತ್ತೆ "ಹೊಟ್ಟೆ ತುಂಬ್ತಿಲ್ಲ ಕಣೇ ಅದಕ್ಕೆ, ಹಾಲು ಸಾಲ್ತಿಲ್ಲ" ಅಂತಾರೆ. ಬಾಣಂತನದಲ್ಲಿ ಈ ಒಂದು ವಾಕ್ಯ ಮಾಡಿರೋಷ್ಟು ಹಾನಿ ಬೇರೆ ಯಾವ್ದೂ ಮಾಡಿಲ್ಲ ಅನ್ಸುತ್ತೆ ನಂಗೆ, ಹೇಳೋರು ಪ್ರೀತಿಯಿಂದಾನೇ ಹೇಳಿರ್ತಾರೆ ಅನ್ನೋದು ಇನ್ನೂ ಕಷ್ಟ.

ನಾನು ಡಾಕ್ಟ್ರಲ್ಲ. ಹಾಗಾಗಿ ಮೊದಲು ಮಕ್ಕಳ ಡಾಕ್ಟ್ರ ಹತ್ರ ಕಳಿಸಿದೆ, ಕಿವಿ ಸೋಂಕು, ಮೂಗು ಕಟ್ಟೋದು, ರಕ್ತಹೀನತೆ ಇವೂ ನಿದ್ದೆ ಕೆಡಿಸುತ್ವೆ, ಅದನ್ನ ನೋಡದೆ ಅಭ್ಯಾಸದ ಮಾತಾಡೋದು ತಪ್ಪು. ತೂಕ ಸರಿಯಾಗಿದೆ, ಕಿವಿ ಚೆನ್ನಾಗಿದೆ, ಒದ್ದೆ ನ್ಯಾಪಿ ದಿನಕ್ಕೆ ಆರರ ಮೇಲೇ ಆಗ್ತಿದೆ ಅಂತ ಆಯ್ತು, ಐರನ್ ಡ್ರಾಪ್ಸ್ ಬರ್ದುಕೊಟ್ರು. ಅಂದ್ರೆ ಹಾಲು ಸಾಲ್ತಿತ್ತು. ಕಾವ್ಯ ಅದನ್ನ ಫೋನಲ್ಲಿ ಹೇಳ್ತಾ ಅತ್ತುಬಿಟ್ರು.

ಎರಡನೇ ಸಲ ಬಂದಾಗ ರಾತ್ರಿದು ಬಿಟ್ಟಾಕಿ, ಹಗಲು ಹೇಳಿ ಅಂದೆ. ಬೆಳಗ್ಗೆ ಏಳೂವರೆಗೆ ಹೊರಡೋ ಗಡಿಬಿಡಿಲಿ ಕೊರಳಲ್ಲಿ ಐಡಿ ಕಾರ್ಡ್ ಹಾಕ್ಕೊಂಡೇ ಹಾಲು ಕೊಡೋದು, ಪಾಪು ಆ ಟ್ಯಾಗ್ ಎಳಿಯುತ್ತೆ, ಕುಕ್ಕರ್ ಕೂಗಿದ್ರೆ ಬಾಯಿ ಬಿಟ್ಟು ತಿರುಗುತ್ತೆ, ಅಷ್ಟೊತ್ತಿಗೆ ಟೈಮ್ ಆಯ್ತು. ಆಮೇಲೆ ಅಜ್ಜಿ ಕೈಲಿ, ಪಂಪ್ ಮಾಡಿಟ್ಟ ಹಾಲು ಒಳಲೇಲಿ, ಅದೂ ಹಾಲ್‌ನಲ್ಲಿ ಟೀವಿ ಎದುರು, ಎರಡು ಒಳಲೆ ಆದ್ಮೇಲೆ ತುಟಿ ಬಿಗಿ. ಕುಡೀತಿಲ್ವಲ್ಲ ಅಂತ ಹಸುವಿನ ಹಾಲಲ್ಲಿ ಬಿಸ್ಕೆಟ್ ನೆನೆಸಿ ತಿನ್ನಿಸೋದು. ಸಾಯಂಕಾಲ ಆರೂವರೆಗೆ ಅಜ್ಜಿ ತೊಡೆ ಮೇಲೆ ಒಂದು ಗಟ್ಟಿ ನಿದ್ದೆ. ಕಾವ್ಯ 7.45ಕ್ಕೆ ಬಾಗಿಲು ತೆಗೆದ್ರೆ ಪಾಪು ಆಗ್ತಾನೆ ಎದ್ದು ಫುಲ್ ಚಾರ್ಜ್. ಒಂಬತ್ತಕ್ಕೆ ಗಟ್ಟಿ ರಾಗಿ ಸರಿ, ಹೊಟ್ಟೆ ಭಾರ ಆದ್ರೆ ಮಲಗುತ್ತೆ ಅಂತ. ಹತ್ತೂವರೆಗೆ ಅಪ್ಪ ಶಿಫ್ಟ್ ಮುಗಿಸಿ ಬಂದು ಮೇಲೆ ಎತ್ತಿ ಹಾರಿಸಿ ಆಡ್ಸೋದು. 11.15ಕ್ಕೆ ಎದೆ ಕಚ್ಚಿಕೊಂಡೇ ನಿದ್ದೆ.

ಇದರಲ್ಲಿ ಪಾಪು ತಪ್ಪೇನೂ ಇಲ್ಲ ನೋಡಿ. ಈ ವಯಸ್ಸಿನ ಮಗುಗೆ ಹೊಸದಾಗಿ ಲೋಕ ಕಾಣ್ತಿರುತ್ತೆ, ಗಲಾಟೆ ಇರೋ ಕಡೆ ಹಾಲು ಕುಡಿಯಲ್ಲ. ಅಮ್ಮ ಹಗಲು ಇಲ್ಲ, ರಾತ್ರಿ ಇಡೀ ಪಕ್ಕದಲ್ಲೇ ಇರ್ತಾಳೆ, ಕತ್ತಲೆ, ನಿಶ್ಶಬ್ದ, ಅಮ್ಮನ ವಾಸನೆ, ಹಾಗಾಗಿ ಹಗಲಿನ ಬಾಕಿ ಎಲ್ಲ ರಾತ್ರಿ ವಸೂಲಿ ಮಾಡುತ್ತೆ. ರಾತ್ರಿ ಹೊಟ್ಟೆ ತುಂಬಿದ್ದಕ್ಕೆ ಬೆಳಗ್ಗೆ ಹಸಿವಿಲ್ಲ, ಮತ್ತೆ ಅದೇ ಚಕ್ರ. ಕೆಲಸಕ್ಕೆ ವಾಪಸ್ ಹೋಗೋ ತಾಯಂದಿರಲ್ಲಿ ಇದು ತುಂಬಾ ಕಾಮನ್.

ಇನ್ನೊಂದು ವಿಷ್ಯ, ಕಾವ್ಯಂಗೆ ಇದನ್ನ ಹೇಳಿದಾಗ ಮುಖ ಸ್ವಲ್ಪ ಸಡಿಲ ಆಯ್ತು. ಮಗುವಿನ ನಿದ್ದೆ ಸುಮಾರು ಗಂಟೆಗೊಂದ್ಸಲ ತೆಳ್ಳಗಾಗುತ್ತೆ, ನಮ್ದೂ ಆಗುತ್ತೆ, ನಮಗೆ ಸ್ವಲ್ಪ ನಿಧಾನಕ್ಕೆ. ರಾತ್ರಿ ಬಸ್ಸಲ್ಲಿ ಇಂಜಿನ್ ಸದ್ದಿಗೆ ನಿದ್ದೆ ಹೋದೋರಿಗೆ ಡ್ರೈವರ್ ಟೀಗೆ ನಿಲ್ಲಿಸಿದ ತಕ್ಷಣ ಎಚ್ಚರ ಆಗುತ್ತಲ್ಲ, ಹಾಗೆ. ಬಾಯಲ್ಲಿ ಎದೆ ಇಟ್ಕೊಂಡು ಮಲಗಿದ ಪಾಪುಗೆ ನಿದ್ದೆ ತೆಳ್ಳಗಾದಾಗ ಬಾಯಿ ಖಾಲಿ, ಎಲ್ಲೋಯ್ತು ಅಂತ ಕೂಗುತ್ತೆ. ಏಳು ಸಲದಲ್ಲಿ ಎರಡು ಸಲ ಹಸಿವಿರಬಹುದು, ಉಳಿದ ಐದು ಇಂಜಿನ್ ನಿಂತಿದ್ದಕ್ಕೆ.

ಅತ್ತೇನ ಕರ್ಕೊಂಡು ಬನ್ನಿ ಅಂದೆ. ಬಂದ್ರು, ಸೆರಗು ಬಿಗಿದು ಕೂತ್ರು, "ನಾನು ಮೂರು ಹೆತ್ತು ಸಾಕಿದೀನಿ ಮೇಡಂ" ಅಂದ್ರು. ಸರಿ ಅಮ್ಮ, ನಿಮ್ಮ ಮಕ್ಕಳು ಹೇಗೆ ಮಲಗ್ತಿದ್ರು ಹೇಳಿ ಅಂದೆ. "ಎಂಟಕ್ಕೆಲ್ಲ ದೀಪ ಸಣ್ಣ ಮಾಡ್ತಿದ್ವಿ, ಹಾಲು ಕುಡಿಸಿ ಮುಖ ತೊಳೆಸಿ ತೊಟ್ಟಿಲಿಗೆ ಹಾಕಿ ಎರಡು ಜೋಗುಳ ಹೇಳೋದು, ಟೀವಿ ಎಲ್ಲಿತ್ತು ಆಗ..." ಅಂತ ಹೇಳ್ತಾ ಹೇಳ್ತಾ ತಾವೇ ನಿಲ್ಲಿಸಿ ಸೊಸೆ ಮುಖ ನೋಡಿದ್ರು. ನಾನು ಹೇಳ್ಬೇಕು ಅಂತಿದ್ದ ಅರ್ಧ ಸಲಹೆ ಅವರ ಬಾಯಿಂದಾನೇ ಬಂದಿತ್ತು.

ಸಲಹೆ ಹೀಗಿತ್ತು. ಬೆಳಗ್ಗೆ ಆರಕ್ಕೇ, ಐಡಿ ಕಾರ್ಡ್ ಹಾಕ್ಕೊಳೋಕೆ ಮುಂಚೆ, ರೂಮಲ್ಲಿ ಪರದೆ ಎಳೆದು ನಿಧಾನವಾಗಿ ಒಂದು ಹಾಲು, ಹೊರಡೋ ಮುಂಚೆ ಇನ್ನೊಂದು. ಹಗಲು ಒಳಲೆನೂ ಅದೇ ರೂಮಲ್ಲಿ, ಎರಡೂವರೆ ಮೂರು ಗಂಟೆಗೊಂದ್ಸಲ. ಹಸುವಿನ ಹಾಲು ಕುಡಿಯೋಕೆ ಒಂದು ವರ್ಷ ಆಗೋವರೆಗೂ ಬೇಡ, ಅದ್ರಲ್ಲಿ ಐರನ್ ಕಮ್ಮಿ, ಬಿಸ್ಕೆಟ್ ಬರೀ ಮೈದಾ ಸಕ್ಕರೆ. ರಾಗಿ ಸರಿ ಬಿಡ್ಬೇಡಿ, ಆದ್ರೆ ರಾತ್ರಿ ಒಂಬತ್ತರದ್ದನ್ನ ಮಧ್ಯಾಹ್ನ 12ಕ್ಕೂ ಸಾಯಂಕಾಲ ಐದಕ್ಕೂ ಹಂಚಿ, ಆರರಿಂದ ಎಂಟು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ ಮೇಲೂಟ ಸಾಕು, ಹಾಲೇ ಮುಖ್ಯ. ಹೊಟ್ಟೆ ಗಟ್ಟಿ ತುಂಬಿಸಿದ್ರೆ ರಾತ್ರಿ ಇಡೀ ಮಲಗುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಪಾಪು ಅದನ್ನ ಒಂದು ತಿಂಗಳು ಸುಳ್ಳು ಮಾಡಿ ತೋರಿಸಿತ್ತು.

ಆಫೀಸಲ್ಲಿ ಮೀಟಿಂಗ್ ಮಧ್ಯೆ ಪಂಪ್ ಮಾಡೋಕೆ ಮುಜುಗರ ಅಂದ್ರು ಕಾವ್ಯ. ಮಗುಗೆ 15 ತಿಂಗಳು ಆಗೋವರೆಗೂ ಊಟದ ವಿರಾಮ ಬಿಟ್ಟು ಹಾಲೂಡಿಸೋಕೆ ಅಂತ ದಿನಕ್ಕೆ ಎರಡು ಬ್ರೇಕ್ ಕೊಡ್ಬೇಕು ಅಂತ ಕಾನೂನಲ್ಲೇ ಇದೆ ಅಂತ ಹೇಳ್ದೆ, ಅವರಿಗೆ ಗೊತ್ತೇ ಇರ್ಲಿಲ್ಲ. ಆ ಹೊತ್ತಲ್ಲೇ ಪಂಪ್ ಮಾಡ್ಕೊಳ್ತೀನಿ ಅಂತ ಕೇಳಿ ಅಂದೆ, ಕೇಳಿದ್ರು, ಮ್ಯಾನೇಜರ್ ಒಪ್ಕೊಂಡ್ರು.

ಸಾಯಂಕಾಲದ್ದು ನಿಜವಾದ ಜಗಳ. ಕೊನೇ ಹಗಲು ನಿದ್ದೆ ಐದಕ್ಕೆ ಮುಗೀಬೇಕು, 7.45ಕ್ಕೆ ಅಮ್ಮ ಬಂದು ಕೈ ತೊಳ್ಕೊಂಡು ಮೊದಲು ಹಾಲು, ಆಮೇಲೆ ಮುಖ ತೊಳೆಸಿ ಬಟ್ಟೆ ಬದಲಾಯಿಸಿ ಜೋಗುಳ, ಎಂಟೂವರೆಗೆ ಕಣ್ಣು ಇನ್ನೂ ಅರೆತೆರೆದಿರುವಾಗ್ಲೇ ಮಲಗಿಸೋದು. ಹಾಲಿಗೂ ನಿದ್ದೆಗೂ ಮಧ್ಯೆ ಆ ಕಾಲು ಗಂಟೆ ಅಂತರ ಇದ್ರೆ ಬಾಯಲ್ಲಿ ಎದೆ ಇಲ್ಲದೆ ನಿದ್ದೆ ಹೋಗೋದು ರೂಢಿ ಆಗುತ್ತೆ. ಇಲ್ಲಿ ನಾನೊಂದು ತಪ್ಪು ಮಾಡ್ದೆ, ಏಳಕ್ಕೇ ಟೀವಿ ಆಫ್ ಅಂದುಬಿಟ್ಟೆ. ಮೂರು ದಿನ ನಡೀತು, ನಾಲ್ಕನೇ ದಿನ ಅಜ್ಜಿ ಮಾತು ಬಿಟ್ರು. ಯೋಚ್ನೆ ಮಾಡಿದ್ರೆ ನ್ಯಾಯವೇ, ಬೆಳಗ್ಗಿಂದ ಪಾಪುನ ಹಿಡ್ಕೊಂಡು ಸೊಂಟ ಬಿದ್ದೋದ ಜೀವಕ್ಕೆ ಇರೋದು ಆ ಎರಡು ಧಾರಾವಾಹಿ. ಆಮೇಲೆ ಬದಲಾಯಿಸಿದ್ವಿ, ಏಳರದ್ದನ್ನ ಅವರು ತಮ್ಮ ರೂಮಲ್ಲಿ ಬಾಗಿಲು ಹಾಕ್ಕೊಂಡು ಮೊಬೈಲಲ್ಲಿ ನೋಡೋದು, ಆ ಹೊತ್ತಿಗೆ ಪಕ್ಕದ್ಮನೆ ಕಾಲೇಜ್ ಹುಡುಗಿ ಪಾಪುನ ಎತ್ಕೊಳ್ಳೋದು.

ರಾತ್ರಿ ಅತ್ತು ಅತ್ತು ಸುಮ್ಮನಾಗ್ಲಿ ಅಂತ ಬಿಡೋ ಪದ್ಧತಿ ಬೇಡ ಅಂದೆ. ಅದನ್ನ ಮಾಡೋರು ಮಾಡ್ತಾರೆ, ಆದ್ರೆ ಗೋಡೆಯಾಚೆ ಅಜ್ಜಿ ಎದ್ದು ಕೂತಿರೋ ಮನೇಲಿ ಅದು ಎರಡನೇ ರಾತ್ರಿಗೇ ಮುರಿಯುತ್ತೆ. ಮುಲುಕಿದ ತಕ್ಷಣ ಎತ್ಕೋಬೇಡಿ, ಒಂದೆರಡು ನಿಮಿಷ ನೋಡಿ, ಎಷ್ಟೋ ಸಲ ಕಣ್ಣು ಮುಚ್ಚಿಕೊಂಡೇ ಕುಂಯ್ ಅಂದು ತಾನೇ ಮಲಗುತ್ತೆ. ಒಂದೂವರೆ ಒಳಗೆ ಎದ್ದಿದ್ದಕ್ಕೆ ಅಪ್ಪನ ತಟ್ಟುವಿಕೆ, ಹೇಗೂ ಅವರು ಎಚ್ಚರ ಇರ್ತಾರೆ, ಹಾರಿಸಿ ಆಡ್ಸೋದು ಮಾತ್ರ ಬೆಳಗ್ಗೆಗೆ. ಆಮೇಲಿನ ಎರಡು ಸಲ ಹಾಲು, ಲೈಟ್ ಹಾಕದೆ.

ಮಲಗೋ ಜಾಗದ ಬಗ್ಗೆ ಗಟ್ಟಿಯಾಗೇ ಹೇಳ್ದೆ. ಅಂಗಾತ, ಗಟ್ಟಿ ಹಾಸಿಗೆ, ಇಬ್ಬರ ಮಧ್ಯೆ ರಜಾಯಿ ಕೆಳಗೆ ಬೇಡ, ತಲೆ ದುಂಡಗಾಗ್ಲಿ ಅಂತ ಇಟ್ಟಿದ್ದ ರಾಗಿ ದಿಂಬೂ ಬೇಡ. ನಿದ್ದೆಗೆ ಅಂತ ಜಾಯಿಕಾಯಿ ತೇಯ್ದು ನೆಕ್ಕಿಸ್ತಿದ್ರು, ಜೇನುತುಪ್ಪದಲ್ಲಿ. ಎರಡೂ ನಿಲ್ಲಿಸಿ ಅಂದೆ, ಜೇನು ವರ್ಷದೊಳಗೆ ಮುಟ್ಟಿಸಲೇಬಾರದು, ಅದ್ರಿಂದ ಬಾಟುಲಿಸಮ್ ಅನ್ನೋ ಅಪರೂಪದ ಆದ್ರೆ ಅಪಾಯದ ಕಾಯಿಲೆ ಬರಬಹುದು.

ಕಾವ್ಯಂಗೆ ಎಡಿನ್‌ಬರೋ ಪ್ರಶ್ನಾವಳಿನೂ ಮಾಡ್ಸಿದೆ, ಹೆರಿಗೆ ನಂತರದ ಖಿನ್ನತೆ ಗುರುತಿಸೋದು, ಹತ್ತೇ ಪ್ರಶ್ನೆ, ಕನ್ನಡದಲ್ಲೂ ಇದೆ. ಅಂಕ ಗಡಿ ಹತ್ರ ಇತ್ತು, ಸಾಯೋ ಯೋಚನೆ ಇಲ್ಲ ಅಂದ್ರು. ಎರಡು ವಾರ ಬಿಟ್ಟು ಮತ್ತೆ ಮಾಡೋಣ ಅಂದೆ, ಮಧ್ಯರಾತ್ರಿ ತಡ್ಕೊಳೋಕೆ ಆಗಲ್ಲ ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ನಿಮ್ಹಾನ್ಸ್‌ನಲ್ಲಿ ತಾಯಿ ಮಗುನ ಒಟ್ಟಿಗೇ ನೋಡ್ಕೊಳ್ಳೋ ವಿಭಾಗಾನೇ ಇದೆ ಅಂತ ತಿಳಿಸಿದೆ. ಎರಡನೇ ಸಲಕ್ಕೆ ಅಂಕ ಇಳಿದಿತ್ತು.

ಲೆಕ್ಕ ಇಡೋಕೆ ಆಪ್ ಹಾಕ್ಕೊಳ್ತೀನಿ ಅಂದ್ರು ಕಾವ್ಯ. ಅಜ್ಜಿ ಬೇಡ ಅಂದು ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲೇ, ಹಾಲಿನವನ ಲೆಕ್ಕ ಬರೆಯೋ ಚೌಕದಲ್ಲೇ ಬರೆಯೋಕೆ ಶುರು ಮಾಡಿದ್ರು. ಮೇಲೆ ಒಂದು ಲೀಟರ್ ಅಂತ, ಕೆಳಗೆ ಪಾಪು ಎಷ್ಟು ಸಲ ಎದ್ದಿದ್ದು ಅಂತ. ಐದು ವಾರ ಆದ್ಮೇಲೆ ಅದರ ಫೋಟೋ ಕಳಿಸಿದ್ರು. 7, 7, 6, 7, 5, 4, 4, ಆಮೇಲೆ ಸುಮಾರು ದಿನ 2, ಒಂದಿನ 1. ಕೊನೇ ನಾಲ್ಕು ಚೌಕದಲ್ಲಿ ಅಂಕಿನೇ ಇಲ್ಲ, ನೀಲಿ ಪೆನ್ನಲ್ಲಿ ನಾಲ್ಕಕ್ಕೂ ಸೇರಿಸಿ ಉದ್ದಕ್ಕೆ ಬರೆದಿದ್ದಾರೆ, "ಹಲ್ಲು".