ಹೊಗಳಿಕೆ ಸಾಕು, ಲೆಕ್ಕ ಕೊಡಿ

ನಮಸ್ಕಾರ. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಸೇರಿಸಿದ ಮೊದಲ ರೈಲು ದಾರಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಅದರಲ್ಲಿ ಸರಕಿದೆ.

ಮೊದಲ ಎರಡು ಪುಟ ಬರೀ ಹೊಗಳಿಕೆ. ‘ದೇಶದ ನರನಾಡಿ’, ‘ಪ್ರಗತಿಯ ಹರಿಕಾರ’ ಅಂತೆಲ್ಲ ಯಾವ ದೇಶದ ರೈಲಿಗೂ ಬರೆಯಬಹುದು, ಅಲ್ವಾ? ನಿಜವಾದ ಕಥೆ ನಾಲ್ಕನೇ ಪುಟದಲ್ಲಿದೆ: ಸರ್ಕಾರ ಕಂಪನಿಗಳಿಗೆ ದುಡ್ಡು ಕೊಟ್ಟಿದ್ದು ಮೈಲಿ ಲೆಕ್ಕದಲ್ಲಿ. ಅದನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಓಡಿದ್ದೀರಿ.

1862ರ ಕಾಯ್ದೆಯ ಪ್ರಕಾರ ಸಮತಟ್ಟು ನೆಲದಲ್ಲಿ ಮೈಲಿಗೆ 16,000 ಡಾಲರ್, ಬೆಟ್ಟದಲ್ಲಿ 48,000. ಅದು ಸಾಲದ ಬಾಂಡು, ನೀವು ಬರೆದಂತೆ ‘ಕೊಡುಗೆ’ ಅಲ್ಲ. ಪುಕ್ಕಟೆ ಸಿಕ್ಕಿದ್ದು ಜಮೀನು. ಯಾರ ಜಮೀನು? ಅಲ್ಲಿದ್ದ ಮೂಲನಿವಾಸಿಗಳ ಸುದ್ದಿಯೇ ನಿಮ್ಮಲ್ಲಿಲ್ಲ. ಪಶ್ಚಿಮದಿಂದ ಹಳಿ ಹಾಕುತ್ತಾ ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯವರು ಮಾಡಿದ್ದು ನೋಡಿ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ಬಯಲಲ್ಲೇ ಬೆಟ್ಟ ಶುರುವಾಯಿತು ಎಂದು ವಾದಿಸಿದರು. ಅಧ್ಯಕ್ಷ ಲಿಂಕನ್ ಒಪ್ಪಿಯೂಬಿಟ್ಟರು! ಇನ್ನು ಯೂಟಾದಲ್ಲಿ ಇವರು ಮತ್ತು ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್, ಹೀಗೆ ಎರಡು ಕಂಪನಿಗಳ ಕೆಲಸದವರೂ ಎದುರುಬದುರಾದರು. ಆದರೂ ನಿಲ್ಲಲಿಲ್ಲ. ಒಬ್ಬರನ್ನೊಬ್ಬರು ದಾಟಿಕೊಂಡು, ಪಕ್ಕಪಕ್ಕದಲ್ಲೇ ಹಳಿಗೆ ನೆಲ ಮಟ್ಟ ಮಾಡುತ್ತಾ ಹೋದರು. ಎಲ್ಲಿ ಸೇರಬೇಕು ಅಂತ ಕೊನೆಗೆ 1869ರಲ್ಲಿ ಅಲ್ಲಿನ ಸಂಸತ್ತೇ ಹೇಳಬೇಕಾಯಿತು. ಆ ದಾರಿ ಅಷ್ಟು ಬೇಗ ಮುಗಿಯಲು ಈ ದುಡ್ಡಿನಾಸೆಯೂ ಕಾರಣ. ಲೇಖನ ಇಲ್ಲಿಂದಲೇ ಶುರುವಾಗಲಿ.

ಚೀನೀ ಕೆಲಸಗಾರರು ‘ಬೆವರು ಸುರಿಸಿದರು’ ಎಂದು ಬಿಟ್ಟಿದ್ದೀರಿ. 1867ರ ಜೂನ್‌ನಲ್ಲಿ ಸಿಯೆರಾ ನೆವಾಡಾ ಬೆಟ್ಟದಲ್ಲಿ ಅವರು ಕೆಲಸ ನಿಲ್ಲಿಸಿ ಜಾಸ್ತಿ ಕೂಲಿ ಕೇಳಿದರು. ಕಂಪನಿ ಅವರಿಗೆ ದಿನಸಿ ಬರುವುದನ್ನೇ ತಡೆಯಿತು. ಅದನ್ನು ಬರೆಯಿರಿ.

ಒಂದು ತಪ್ಪೂ ಇದೆ. ಎರಡು ಕಡೆಯ ಹಳಿ ಸೇರಿದ 1869ರ ಮೇ 10ಕ್ಕೇ ‘ಕಡಲಿಂದ ಕಡಲಿಗೆ ಒಂದೇ ಹಳಿ’ ಎಂದಿದ್ದೀರಿ. ಈ ದಾರಿಯ ಪೂರ್ವ ತುದಿಯ ಒಮಾಹಾ ಊರಿನ ಬಳಿ ಮಿಸೌರಿ ನದಿಗೆ ರೈಲು ಸೇತುವೆ ಬಂದಿದ್ದು 1872ರಲ್ಲಿ. ಅಲ್ಲಿಯವರೆಗೆ ಪ್ರಯಾಣಿಕರು ಗಂಟುಮೂಟೆ ಸಮೇತ ರೈಲಿಳಿದು ನದಿ ದಾಟಬೇಕಿತ್ತು.

ಗಡಿಯಾರದ ಪ್ಯಾರಾ ಮಾತ್ರ ಸೊಗಸಾಗಿದೆ. ಊರಿಗೊಂದು ಸಮಯ ಇದ್ದದ್ದನ್ನು 1883ರ ನವೆಂಬರ್ 18ರಂದು ರೈಲು ಕಂಪನಿಗಳೇ ವಲಯಕ್ಕೊಂದು ಸಮಯ ಎಂದು ಬದಲಿಸಿದವು, ಕಾನೂನು ಬಂದಿದ್ದು 1918ರಲ್ಲಿ. ಅದನ್ನು ಮುಟ್ಟಬೇಡಿ. ಕೊನೆಯ ಬುಲೆಟ್ ರೈಲಿನ ಪ್ಯಾರಾ ಸುಮ್ನೆ ಜಾಗ ತಿನ್ನುತ್ತಿದೆ, ತೆಗೆಯಿರಿ. ಒಟ್ಟು ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ.